ಅಂಗಳದಲ್ಲೇ ಮನೆ ಬಿಟ್ಟವನು

ವರ್ಲಿನ್ ಟಾಲೆಫ್ಸ್‌ರುಡ್ ಎಂಬ ಮಹಾಶಯ ನಿವೃತ್ತನಾದ ಮೇಲೆ ದೇಶ ಸಂಚಾರಕ್ಕೆಂದು ಮನೆ ಬಿಟ್ಟು ಹೊರಟ. ಮೊದಲ ವಾರದಲ್ಲಿ ಅವನು ಕ್ರಮಿಸಿದ ದೂರವೆಂದರೆ ಅಡುಗೆಮನೆಯ ಬಾಗಿಲಿನಿಂದ ಗ್ಯಾರೇಜಿನ ಮುಂದಿನ ಕಾಂಕ್ರೀಟಿನವರೆಗೆ. ಇಷ್ಟು ಚಿಕ್ಕ ಪ್ರಯಾಣದಿಂದ ಇಷ್ಟು ದೊಡ್ಡ ಗದ್ದಲ ಎದ್ದದ್ದು ಮಿನೆಸೋಟಾ ರಾಜ್ಯದ ನಾರ್ಡ್‌ಬಿ ಊರಿನ ಚರಿತ್ರೆಯಲ್ಲಿ ಅದೇ ಮೊದಲು.

ವರ್ಲಿನ್ ಊರಿನ ಶಾಲೆಯಲ್ಲಿ ಭೂಗೋಳದ ಮೇಷ್ಟ್ರಾಗಿದ್ದ. ಅರಿಜೋನಾದ ಮರುಭೂಮಿ, ಟೆಕ್ಸಾಸಿನ ಕಡಲತೀರ, ಮೊಂಟಾನಾದ ಹಿಮಬೆಟ್ಟ, ಎಲ್ಲವನ್ನೂ ಕೋಲಿನ ತುದಿಯಿಂದ ಮುಟ್ಟಿದ್ದ. ಕಾಲಿನ ತುದಿಯಿಂದ ಮುಟ್ಟಿದ್ದು ಪಕ್ಕದ ರಾಜ್ಯದ ಫಾರ್ಗೋ ಒಂದನ್ನೇ, ಅದೂ ಹಲ್ಲು ಕೀಳಿಸಿಕೊಳ್ಳಲು. ಮಿನೆಸೋಟಾದ ಚಳಿಗಾಲಗಳನ್ನು ಒಂದೊಂದಾಗಿ ಸಲಿಕೆಯಿಂದ ಎತ್ತಿ ಪಕ್ಕಕ್ಕೆ ಹಾಕುತ್ತ, ಒಂದು ದಿನ ತಾನೂ ನಕ್ಷೆಯೊಳಗೆ ಇಳಿದುಬಿಡಬೇಕೆಂದು ಕನಸು ಕಂಡಿದ್ದ.

ಮಾರ್ಚಿನಲ್ಲಿ, ಹೊರಗೆ ಇನ್ನೂ ಹಿಮ ಇರುವಾಗ, ಅಡುಗೆಮನೆಯಲ್ಲಿ ಹೆಂಡತಿ ಆರ್ಡಿಸ್ ಪಾತ್ರೆ ತೊಳೆಯುತ್ತಿದ್ದಳು. ವರ್ಲಿನ್ ಮೂರು ಸಲ ಗಂಟಲು ಸರಿಮಾಡಿಕೊಂಡು ಹೇಳಿದ:

"ಆರ್ಡಿಸ್, ನಾನು ನಿವೃತ್ತನಾದ್ಮೇಲೆ ಒಂದು ಮನೆಗಾಡಿ ತಗೊಂಡು, ಈ ಮನೆ ಮಾರಿ, ಇನ್ಮೇಲೆ ಅದ್ರಲ್ಲೇ ಇದ್ದುಬಿಡೋಣ ಅಂತ ಯೋಚನೆ. ಒಲೆ, ಮಂಚ, ಬಚ್ಚಲು ಎಲ್ಲಾ ಒಳಗೇ ಇರುತ್ತೆ. ನೀನೂ ಬರ್ತೀಯಾ?"

ಆರ್ಡಿಸ್ ತಟ್ಟೆಯಿಂದ ಕಣ್ಣೆತ್ತಲಿಲ್ಲ. "ಅಯ್ಯೋ, ನಾನ್ಯಾಕೆ ನಿನಗೆ ಅಡ್ಡ? ನೀನು ಹೋಗು."

ವರ್ಲಿನ್ ಲೋಟ ಎತ್ತಿಕೊಂಡ. "ಸರಿ ಹಾಗಾದ್ರೆ" ಎಂದು ಕಾಫಿ ಕುಡಿದ. ಆರ್ಡಿಸ್ ಅದೇ ತಟ್ಟೆಯನ್ನು ಮತ್ತೊಮ್ಮೆ ತೊಳೆದಳು. ಮಾತು ಅಲ್ಲಿಗೆ ಮುಗಿಯಿತು. ನಾರ್ಡ್‌ಬಿಯಲ್ಲಿ ಗಂಡಹೆಂಡಿರ ನಡುವೆ ಇದಕ್ಕಿಂತ ಭೀಕರವಾದ ಜಗಳ ಯಾರ ನೆನಪಿನಲ್ಲೂ ನಡೆದಿರಲಿಲ್ಲ.

ಆದರೂ ಅವನು ಆಸೆ ಬಿಡಲಿಲ್ಲ. ಗಾಡಿಯಲ್ಲೇ ಬದುಕಿ ಪಳಗಿದವರು ಇಂಟರ್ನೆಟ್ಟಿನಲ್ಲಿ ಒಂದು ಉಪದೇಶ ಬರೆದಿದ್ದರು: ಮೊದಲು ನಿಮ್ಮ ಅಂಗಳದಲ್ಲೇ ಒಂದು ವಾರ ಗಾಡಿಯೊಳಗೆ ವಾಸ ಮಾಡಿ, ಉಪ್ಪು ಮರೆತರೂ ಮನೆಯೊಳಗೆ ಕಾಲಿಡಬೇಡಿ. ವರ್ಲಿನ್ ಲೆಕ್ಕ ಹಾಕಿದ. ಅಡುಗೆಮನೆಯ ಕಿಟಕಿಯಿಂದ ಆರ್ಡಿಸ್ ಒಂದು ವಾರ ತನ್ನ ಸುಖವನ್ನು ನೋಡಲಿ, ಮನಸ್ಸು ಕರಗುತ್ತದೆ. ಕರಗದಿದ್ದರೆ ಭಾನುವಾರ ಗಾಡಿಯನ್ನೇ ಮಾರಿಬಿಡುವುದು. ಆರ್ಡಿಸ್ ಇಲ್ಲದ ಅರಿಜೋನಾ ಎಂದರೆ ಅವನ ಪಾಲಿಗೆ ಮತ್ತೆ ಗೋಡೆಯ ಮೇಲಿನ ನಕ್ಷೆಯೇ.

ಹೀಗೆ ಜೂನ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ, ಬಸ್ಸಿನಷ್ಟು ಉದ್ದದ ಮನೆಗಾಡಿ ಅಂಗಳಕ್ಕೆ ಬಂತು. ತಂದವನು ಅದರ ಮೂತಿಯನ್ನು ಗ್ಯಾರೇಜಿಗೂ ಬಾಲವನ್ನು ಬೀದಿಗೂ ಇಟ್ಟು, ಕೀಲಿ ಕೊಟ್ಟು ಹೋದ. ಇನ್ನು ಇದನ್ನು ಹಿಂದಕ್ಕೆ ತೆಗೆಯುವುದು ಹೇಗೆ ಎಂದು ಕೇಳಲು ವರ್ಲಿನ್‌ಗೆ ನಾಚಿಕೆಯಾಯಿತು.

ಗಾಡಿಯ ನೆರಳು ಪಕ್ಕದ ಮನೆಯ ಮಾರ್ಲಿಸ್ ಕ್ವಾಮಳ ಟೊಮೆಟೊ ಗಿಡಗಳ ಮೇಲೆ ಬಿದ್ದದ್ದೇ ತಡ, ಆ ವಿಧವೆ ಕಳೆಗುದ್ದಲಿ ಹಿಡಿದು ಬೇಲಿಗೆ ಬಂದಳು.

"ದೊಡ್ಡದಾಗಿದೆ," ಎಂದಳು.

ನಾರ್ಡ್‌ಬಿಯಲ್ಲಿ ಅದು ಹೊಗಳಿಕೆಯಲ್ಲ, ಆರೋಪ. ದೊಡ್ಡದನ್ನು ಕದ್ದವನನ್ನಾದರೂ ಊರು ಕ್ಷಮಿಸೀತು. ದೊಡ್ಡದನ್ನು ಕೊಂಡು ಸಂತೋಷಪಟ್ಟವನನ್ನು ಕ್ಷಮಿಸಿದ ದಾಖಲೆ ಇಲ್ಲ. ವರ್ಲಿನ್‌ನ ಕಿವಿ ಕೆಂಪಾಯಿತು. ದೇಶ ಸಂಚಾರದ ಮಾತು ನಾಲಿಗೆಯ ತುದಿಯವರೆಗೆ ಬಂದದ್ದು ಅಲ್ಲಿಂದಲೇ ವಾಪಸ್ಸು ಹೋಯಿತು.

"ಏ, ಏನಿಲ್ಲ ಮಾರ್ಲಿಸ್. ಹಳೇದು. ಮಲಗೋಕೆ ಒಂದು ಜಾಗ ಅಷ್ಟೆ."

"ಮಲಗೋಕಾ?"

"ಹೂಂ. ಇನ್ಮೇಲೆ ಇದ್ರಲ್ಲೇ."

"ಮತ್ತೆ ಆರ್ಡಿಸ್?"

"ಅವಳು ಒಳಗೇ ಇರ್ತಾಳೆ. ನೀನು ಹೋಗು ಅಂದ್ಲು."

ಸತ್ಯವನ್ನು ಇಷ್ಟು ಪ್ರಾಮಾಣಿಕವಾಗಿ ನುಡಿದು ಇಷ್ಟು ದೊಡ್ಡ ಸುಳ್ಳನ್ನು ಹುಟ್ಟಿಸಿದವರು ಅಪರೂಪ. ಮಾರ್ಲಿಸ್ "ಹಾಂ... ಹಾಗಾ" ಎಂದು ಉಸಿರನ್ನು ಒಳಗೆಳೆದುಕೊಂಡು, ಕಳೆಗುದ್ದಲಿಯನ್ನು ಅಲ್ಲೇ ಬಿಟ್ಟು, ನೆಟ್ಟಗೆ ಒಳಗೆ ಹೋಗಿ ಒಲೆ ಹಚ್ಚಿದಳು.

ಯಾರದಾದರೂ ಬದುಕು ಮುರಿದುಬಿದ್ದರೆ ನಾರ್ಡ್‌ಬಿಯವರು ಏನಾಯಿತೆಂದು ಕೇಳುವುದಿಲ್ಲ. ಕೇಳುವುದು ಅಸಭ್ಯತೆ. ಕೀಮಾ, ಅಣಬೆ ಸೂಪು, ಆಲೂಗಡ್ಡೆಯ ಗುಂಡುಗಳನ್ನು ಗಾಜಿನ ತಟ್ಟೆಯಲ್ಲಿ ಸೇರಿಸಿ ಬೇಯಿಸಿ, ಹಾಟ್‌ಡಿಶ್ ಎಂದು ಕರೆದು, ಬಾಗಿಲಿಗೆ ತಂದುಕೊಡುತ್ತಾರೆ. ತಟ್ಟೆ ವಾಪಸ್ಸು ಬರಲೆಂದು ಅದರ ಅಡಿಗೆ ಹೆಸರು ಅಂಟಿಸಿರುತ್ತಾರೆ. ದುಃಖ ಎಷ್ಟೇ ದೊಡ್ಡದಿರಲಿ, ತಟ್ಟೆ ತಟ್ಟೆಯೇ.

ಮರುದಿನ ಬೆಳಿಗ್ಗೆ ವರ್ಲಿನ್‌ನ ಸ್ಥಿತಿ ಅಷ್ಟು ಸುಖಕರವಾಗಿರಲಿಲ್ಲ. ಮಂಚದ ಮೇಲೆ ಕಾಲು ಚಾಚಿದರೆ ಪಾದಗಳು ಗಾಡಿಯ ಅಡುಗೆಮನೆಗೆ ಹೋಗುತ್ತಿದ್ದವು. ಸ್ನಾನಕ್ಕೆ ನಿಂತಾಗ ಸಾಬೂನು ಜಾರಿತು. ಎತ್ತಲು ಬಗ್ಗಿದಾಗ ಅವನ ಹಿಂಭಾಗ ತಗುಲಿ ಬಚ್ಚಲ ಬಾಗಿಲು ತೆರೆದುಕೊಂಡು, ಅವನು ಸಾಬೂನಿನ ಸಮೇತ ಊಟದ ಮೇಜಿನ ಬಳಿ ಪ್ರತ್ಯಕ್ಷನಾದ. ಗುಂಡಿ ಒತ್ತಿದರೆ ಒಂದು ಗೋಡೆ ಹೊರಕ್ಕೆ ಸರಿದು ಕೋಣೆ ಅಗಲವಾಗುತ್ತದೆಂದು ಮಾರಿದವನು ಹೇಳಿದ್ದ. ಒತ್ತಿದಾಗ ಗೋಡೆಯೇನೋ ಹೊರಕ್ಕೆ ಸರಿಯಿತು, ಆದರೆ ಆರ್ಡಿಸಳ ಲೈಲಾಕ್ ಪೊದೆ ಕಿಟಕಿಯ ಮೂಲಕ ಒಳಕ್ಕೆ ಬಂತು. ಒಲೆ ಹತ್ತಲಿಲ್ಲ. ಹಸಿವಿನಿಂದ ಕಂಗೆಟ್ಟಿದ್ದರೂ ಅವನು ಅಡುಗೆಮನೆಯ ಕಿಟಕಿಯತ್ತ ತಿರುಗಿ, ಖಾಲಿ ಲೋಟವನ್ನೆತ್ತಿ, ಪರಮಸುಖಿಯಂತೆ ನಕ್ಕ. ಕಿಟಕಿಯ ಆಚೆ ಆರ್ಡಿಸ್ ತನ್ನ ತುಂಬಿದ ಲೋಟ ಎತ್ತಿದಳು. ಬೇಲಿಯ ಆಚೆ ಇದನ್ನು ಕಂಡ ಮಾರ್ಲಿಸ್ ಕಣ್ಣೊರೆಸಿಕೊಂಡಳು.

ಆಮೇಲೆ ಅವಳು ಬೇಲಿ ದಾಟಿ ತಂದ ತಟ್ಟೆಯಿಂದ ಹಬೆಯೇಳುತ್ತಿತ್ತು.

"ಒಂದ್ಚೂರು ತಿನ್ನು ವರ್ಲಿನ್."

"ಅಯ್ಯೋ ಬೇಡ ಮಾರ್ಲಿಸ್, ನಿನಗ್ಯಾಕೆ ತೊಂದ್ರೆ."

"ತೊಂದ್ರೆ ಏನು ಬಂತು, ಹೇಗೂ ಮಾಡಿದ್ದೆ."

"ಇಲ್ಲ ಇಲ್ಲ, ಈಗ ತಾನೆ ಹೊಟ್ಟೆ ತುಂಬಾ ತಿಂದೆ." ಅವನ ಹೊಟ್ಟೆ ಇದನ್ನು ಜೋರಾಗಿ ಅಲ್ಲಗಳೆಯಿತು.

"ನೀನು ತಗೊಳ್ದಿದ್ರೆ ಹಾಳಾಗುತ್ತಪ್ಪ."

"ಹಾಳಾಗೋದಾದ್ರೆ... ಸರಿ, ಒಂದೇ ಚೂರು," ಎಂದು ವರ್ಲಿನ್ ಇಡೀ ತಟ್ಟೆಯನ್ನು ಎರಡೂ ಕೈಯಲ್ಲಿ ಕಸಿದುಕೊಂಡ.

ಇದು ನಾರ್ಡ್‌ಬಿಯ ಕಟ್ಟಳೆ. ಮೊದಲ 'ಬೇಡ' ನಮಸ್ಕಾರವಿದ್ದಂತೆ, ಎರಡನೆಯದು ತಾಯಿತಂದೆಯರ ಹೆಸರುಳಿಸಲು. ಮೂರನೆಯ ಸಲ ಕೇಳಿದಾಗ ಮಾತ್ರ ನಿಜ ಹೊರಬೀಳುತ್ತದೆ. ಮೊದಲನೆಯದಕ್ಕೇ 'ಕೊಡಿ' ಎಂದವನನ್ನು ಶಿಕಾಗೋದ ಕಡೆಯವನಿರಬೇಕೆಂದು ಜನ ಮಾತಾಡಿಕೊಳ್ಳುತ್ತಾರೆ. ಒಂದೇ ಸಲ ಕೇಳಿ ಸುಮ್ಮನಾದವನಿಗೆ ಕೊಡುವ ಮನಸ್ಸೇ ಇರಲಿಲ್ಲವೆಂದು ಅರ್ಥ. ಈ ವಿದ್ಯೆಯಲ್ಲಿ ವರ್ಲಿನ್ ಪಂಡಿತ. ಚರ್ಚಿನಲ್ಲಿ ಕಾಫಿಗೆ ಅವನು ಹೇಳುವ 'ಬೇಡ'ಗಳ ನಯಕ್ಕೆ ಹಿರಿಯರು ತಲೆದೂಗುತ್ತಿದ್ದರು.

ಮಾರ್ಲಿಸ್ ಮೆಟ್ಟಿಲ ಮೇಲೆ ಕೂತು ಮೆಲ್ಲಗೆ ಕೇಳಿದಳು: "ಇದು... ತುಂಬಾ ದಿನದಿಂದ ಮನಸ್ಸಲ್ಲಿತ್ತಾ?"

"ವರ್ಷಗಟ್ಟಲೆಯಿಂದ," ಎಂದ ವರ್ಲಿನ್, ಬಾಯಿ ತುಂಬ ಆಲೂಗಡ್ಡೆ. "ಪಾಠ ಮಾಡ್ತಾ ಕಿಟಕಿ ಕಡೆ ನೋಡ್ತಿದ್ದೆ. ಯಾವಾಗ ಬಿಡುಗಡೆಯಪ್ಪಾ ಅಂತ."

"ದೇವರೇ! ಯಾರ ಹತ್ರಾನೂ ಬಾಯಿ ಬಿಡ್ಲಿಲ್ವಲ್ಲೋ."

"ಊರೆಲ್ಲಾ ಹೇಳ್ಕೊಂಡು ತಿರುಗೋ ವಿಷಯಾನಾ ಇದು?"

ಸಂಜೆಯೊಳಗೆ ಇನ್ನೂ ತಟ್ಟೆಗಳು ಬಂದವು. ಗಾಡಿಯ ಪುಟ್ಟ ಫ್ರಿಜ್ಜು ತುಂಬಿದ ಮೇಲೆ ಒಂದಿಷ್ಟನ್ನು ಬಚ್ಚಲಲ್ಲಿ ಜೋಡಿಸಿದ, ಸ್ನಾನ ನಿಂತುಹೋಯಿತು. ಕೊನೆಗೆ ಬಂದ ದೊಡ್ಡ ತಟ್ಟೆಯನ್ನು ಚಾಲಕನ ಸೀಟಿನಲ್ಲಿ ಕೂರಿಸಿ ಬೆಲ್ಟು ಬಿಗಿದ. ತಾನು ಹೊರಡುವ ಗುಟ್ಟು ಹೇಗೋ ಊರಿಗೆ ತಿಳಿದಿದೆ, ಜನ ಬೀಳ್ಕೊಡುತ್ತಿದ್ದಾರೆ ಎಂದು ಭಾವಿಸಿ ಅವನಿಗೆ ಕಣ್ಣು ತುಂಬಿ ಬಂತು. ಕಣ್ಣು ತುಂಬಿದ್ದನ್ನು ಕಂಡವರು ಮನೆಗೆ ಹೋಗಿ ಮತ್ತೊಂದು ತಟ್ಟೆ ಒಲೆಗಿಟ್ಟರು.

ಗುರುವಾರ ಆರ್ಡಿಸಳ ತಮ್ಮ ನಾರ್ಬರ್ಟ್ ಬಂದ. ಊರಾಚೆ ಹಸು ಸಾಕಿಕೊಂಡಿರುವ ಒಂಟಿ ಜೀವ; ಮದುವೆಯೆಂದರೆ ಏನೆಂದು ತಿಳಿಯದ್ದರಿಂದ ಅದರ ಮೇಲೆ ಅಪಾರ ಗೌರವ. ಬಹಳ ಹೊತ್ತು ಗಾಡಿಯ ಟೈರನ್ನು ಒದೆಯುತ್ತ ನಿಂತ. ಅವನ ಸೀಮೆಯ ಗಂಡಸರು ದುಃಖವನ್ನು ತೋರಿಸುವುದು ಟೈರಿಗೆ.

"ಭಾವ, ನಮ್ಮನೆ ನೆಲಮಾಳಿಗೆಯಲ್ಲಿ ಒಂದು ಮಂಚ ಇದೆ."

"ಈ ಗಾಡೀಲೂ ಇದೆ ನಾರ್ಬರ್ಟ್."

"ಅದು ಗೊತ್ತು. ಆದ್ರೂ... ಸಾಮಾನೆಲ್ಲಾ ಏನ್ಮಾಡ್ತೀರಿ?"

"ಮಾರೋದೇ ಕಣೋ. ಶನಿವಾರ ಗ್ಯಾರೇಜಿಂದ ಎಲ್ಲಾ ಹೊರಗಿಟ್ಟು ಮಾರ್ತೀನಿ. ಇನ್ನು ನಂಗ್ಯಾಕೆ ಅದೆಲ್ಲ? ಆರ್ಡಿಸ್‌ಗೆ ಏನು ಬೇಕೋ ಅವಳು ಇಟ್ಕೊಳ್ಲಿ."

"ಹಿಮಗಟ್ಟಿದ ಕೆರೆ ಮೇಲೆ ಕೂತು ಮೀನು ಹಿಡಿಯೋ ಗುಡಿಸಲು?"

"ಅದೂ ಹೋಗ್ಲಿ. ಇನ್ಮೇಲೆ ನನ್ನ ಜೀವನದಲ್ಲಿ ಹಿಮ ಇಲ್ಲ," ಎಂದ ವರ್ಲಿನ್, ಅಡುಗೆಮನೆಯ ಕಿಟಕಿಗೂ ಕೇಳುವಂತೆ.

ನಾರ್ಬರ್ಟ್ ಮತ್ತೊಮ್ಮೆ ಟೈರಿಗೆ ಒದ್ದ. ಹೆಂಡತಿಯನ್ನು ಬಿಡುವವರ ಬಗ್ಗೆ ಅವನು ರೇಡಿಯೋದಲ್ಲಿ ಕೇಳಿದ್ದ. ಮೀನಿನ ಗುಡಿಸಲನ್ನೇ ಬಿಡುವವನನ್ನು ಮಾತ್ರ ಈ ಜನ್ಮದಲ್ಲಿ ಕಂಡಿರಲಿಲ್ಲ. "ಅಕ್ಕ ಚಿಕ್ಕೋಳಿದ್ದಾಗ ಟ್ರ್ಯಾಕ್ಟರಿಗೆ ಒಂದರ ಹಿಂದೆ ಒಂದು ಕಟ್ಟಿದ ಎರಡು ಹುಲ್ಲಿನ ಬಂಡೀನ ಹಿಮ್ಮುಖವಾಗಿ ಕೊಟ್ಟಿಗೆಗೆ ನುಗ್ಗಿಸ್ತಿದ್ಲು ಭಾವ," ಎಂದ, ಯಾವ ಸಂಬಂಧವೂ ಇಲ್ಲದೆ. "ಅಂಥಾ ಹುಡುಗಿ." ಟೈರಿಗೆ ಕೊನೆಯದಾಗಿ ಒದ್ದು, ಮೂಗು ಒರೆಸಿಕೊಂಡು ಹೋದ.

ಶುಕ್ರವಾರ ಪೊಲೀಸು ಬಂತು. ಪೊಲೀಸೆಂದರೆ ಲೈಲ್ ಬ್ರೆಕ್ಕೆ ಎಂಬ ಒಬ್ಬನೇ ಮನುಷ್ಯ. ಹಿಂದೆ ವರ್ಲಿನ್‌ನ ತರಗತಿಯಲ್ಲಿ ಬ್ರೆಜಿಲನ್ನು ಆಫ್ರಿಕಾದಲ್ಲಿ ತೋರಿಸಿ ಫೇಲಾಗಿದ್ದವನು. ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ.

"ತಪ್ಪು ತಿಳೀಬೇಡಿ ಮೇಷ್ಟ್ರೇ. ಊರಿನ ಕಾಯಿದೆ ಪ್ರಕಾರ ಅಂಗಳದಲ್ಲಿ ಗಾಡಿಯೊಳಗೆ ಯಾರೂ ವಾಸ ಮಾಡೋ ಹಾಗಿಲ್ಲ. ಮನೆಗೆ ಬಂದ ಅತಿಥಿ ಆದ್ರೆ ಮಾತ್ರ ಇರ್ಬಹುದು."

"ಸರಿ, ನಾನು ಅತಿಥಿ."

"ಯಾರ ಅತಿಥಿ?"

"ಈ ಮನೆಯವರ ಅತಿಥಿ."

"ಮನೆ ನಿಮ್ದೇ ಅಲ್ವಾ ಮೇಷ್ಟ್ರೇ? ನಿಮ್ಮ ಮನೆಗೆ ನೀವೇ ಅತಿಥಿ ಆಗೋದು ಹೇಗೆ?"

ವರ್ಲಿನ್ ಯೋಚಿಸಿದ. ಭಾನುವಾರದವರೆಗೆ ಹೇಗಾದರೂ ತಳ್ಳಬೇಕಿತ್ತು. "ಹಾಗಾದ್ರೆ ಮನೆ ಆರ್ಡಿಸ್‌ದು ಅಂತ ತಿಳ್ಕೋ. ಪೂರ್ತಿ ಅವಳದೇ. ನಾನು ಬಂದು ಹೋಗೋನು."

ಲೈಲ್‌ನ ಮುಖ ಬಿಳಿಚಿಕೊಂಡಿತು. ಮಾತು ಮನೆ ಬಿಟ್ಟುಕೊಡುವವರೆಗೆ ಹೋಗಿದೆಯೆಂದು ಅವನಿಗೆ ಗೊತ್ತಿರಲಿಲ್ಲ. "ಕಾಯಿದೆ ಸ್ವಲ್ಪ ದಿನ ಕಾಯುತ್ತೆ ಬಿಡಿ," ಎಂದು ಜೀಪಿಗೆ ಹೋಗಿ, ತನ್ನ ಹೆಂಡತಿ ಕಳಿಸಿದ್ದ ತಟ್ಟೆ ತಂದುಕೊಟ್ಟ. ಎರಡು ಸಲ ಬೇಡವೆಂದು, ಮೂರನೆಯ ಸಲಕ್ಕೆ ಸ್ವೀಕರಿಸಿ, ವರ್ಲಿನ್ ಅದನ್ನು ದಿಂಬಿನ ಪಕ್ಕ ಇಟ್ಟುಕೊಂಡ. ಬೇರೆಲ್ಲೂ ಜಾಗವಿರಲಿಲ್ಲ.

ಶನಿವಾರದ ಮಾರಾಟಕ್ಕೆ ಇಡೀ ನಾರ್ಡ್‌ಬಿ ನೆರೆಯಿತು. ಮದುವೆಯ ಕೋಟು, ಹಿಮ ಎತ್ತುವ ಯಂತ್ರ, ಮೀನಿನ ಗುಡಿಸಲು, ದುಂಡು ಭೂಗೋಳ, ಎಲ್ಲ ಹುಲ್ಲಿನ ಮೇಲೆ ಬಿಸಿಲು ಕಾಯಿಸುತ್ತಿದ್ದವು. ಜನ ಪಿಸುಮಾತಿನಲ್ಲಿ ಚೌಕಾಸಿ ಮಾಡಿದರು, ಅದೂ ತಲೆಕೆಳಗಾಗಿ: ವರ್ಲಿನ್ ಐದು ಡಾಲರ್ ಎಂದರೆ ಅವರು ಹತ್ತು ಎನ್ನುವರು. ಮದುವೆಯ ಕೋಟನ್ನು ನಾರ್ಬರ್ಟ್ ಕೊಂಡು ಎದೆಗವಚಿಕೊಂಡ. "ನಿಮಗೆ ಮತ್ತೆ ಬೇಕಾದಾಗ ಕೇಳಿ ಭಾವ. ನಾನು ಹಾಕ್ಕೊಳಲ್ಲ." ಪಾದ್ರಿ ಸೋಲ್ವೇಗ್ ಅಮ್ಮನವರು ಭೂಗೋಳವನ್ನು ಕೈಗೆತ್ತಿಕೊಂಡು, ಯಾವುದೇ ಗಾಯ ವಾಸಿಯಾಗಲು ಸಮಯ ಬೇಕೆಂದು ಅದಕ್ಕೆ ಹೇಳಿದರು.

ಅಷ್ಟರಲ್ಲಿ ಅಡುಗೆಮನೆಯ ಬಾಗಿಲು ದಢಾರೆಂದು ತೆರೆಯಿತು. ಆರ್ಡಿಸ್ ಹೊರಬಂದಳು. ಎರಡೂ ಕೈಯಲ್ಲಿ ಒಂದೊಂದು ಹಾಟ್‌ಡಿಶ್.

"ವರ್ಲಿನ್! ಯಾರು ಸತ್ತಿದ್ದು?"

"ಹಾಂ?"

"ವಾರದಿಂದ ಮುಂದಿನ ಬಾಗಿಲಿಗೆ ತಟ್ಟೆ ಬರ್ತಾನೇ ಇದೆ. ಯಾರು ಸತ್ರು ಅಂತ ಪೇಪರೆಲ್ಲಾ ತಿರುವಿ ಹಾಕ್ದೆ. ಫ್ರೀಜರಿನ ಬಾಗಿಲಿಗೆ ಕುರ್ಚಿ ಒತ್ತಿಟ್ಟಿದ್ದೀನಿ. ನಿನ್ನೆ ಮಾರ್ಲಿಸ್ ನನ್ನ ತಬ್ಕೊಂಡ್ಲು! ಅವಳು ಗಂಡನ ಮಣ್ಣಿನ ದಿನ ಕೂಡ ಯಾರ್ನೂ ತಬ್ಕೊಂಡಿರ್ಲಿಲ್ಲ!"

ಎಲ್ಲರೂ ತಮ್ಮ ಬೂಟುಗಳನ್ನು ನೋಡಿಕೊಂಡರು. ಕೊನೆಗೆ ಸೋಲ್ವೇಗ್ ಅಮ್ಮನವರು ಭೂಗೋಳವನ್ನು ಕೆಳಗಿಟ್ಟರು. "ಆರ್ಡಿಸ್, ಮುಚ್ಚಿಡೋದು ಬೇಡಮ್ಮ. ನೀವಿಬ್ಬರೂ ಬೇರೆ ಆಗ್ತಿರೋದು ಎಲ್ಲರಿಗೂ ಗೊತ್ತಾಗಿದೆ."

"ಬೇರೆ ಆಗ್ತಿರೋದಾ?" ಎಂದ ವರ್ಲಿನ್.

"ಬೇರೆ ಆಗ್ತಿರೋದಾ?" ಎಂದಳು ಆರ್ಡಿಸ್.

ಎಷ್ಟೋ ವರ್ಷಗಳಲ್ಲಿ ಅವರಿಬ್ಬರೂ ಒಟ್ಟಿಗೆ ಒಂದೇ ಮಾತು ಆಡಿದ್ದು ಅದೇ ಮೊದಲು.

"ನೀನೇ ಹೇಳಿದ್ಯಲ್ಲ ವರ್ಲಿನ್," ಎಂದಳು ಮಾರ್ಲಿಸ್. "ವರ್ಷಗಟ್ಟಲೆಯಿಂದ ಬಿಡುಗಡೆ ಬೇಕಿತ್ತು ಅಂತ!"

"ಶಾಲೆಯಿಂದ ಕಣೇ!"

"ಹಿಮ ಬೇಡ ಅಂದ್ರಿ," ಎಂದ ನಾರ್ಬರ್ಟ್, ಕೋಟಿನ ಹಿಂದಿನಿಂದ.

"ಅರಿಜೋನಾಕ್ಕೆ ಹೋದ್ರೆ ಹಿಮ ಎಲ್ಲಿರುತ್ತಯ್ಯಾ!" ವರ್ಲಿನ್ ಗಾಡಿಯ ಮೆಟ್ಟಿಲ ಮೇಲೆ ಕುಸಿದು ಕೂತ. ಇನ್ನು ದೊಡ್ಡಸ್ತಿಕೆಯವ ಅನ್ನಿಸಿಕೊಂಡರೂ ಚಿಂತೆಯಿಲ್ಲವೆಂದು ಎಲ್ಲವನ್ನೂ ಹೇಳಿಬಿಟ್ಟ: ಗಾಡಿ ಹಳೆಯದಲ್ಲ, ಹೊಸದು, ಮನೆ ಮಾರಿ ಇದರಲ್ಲೇ ದೇಶವೆಲ್ಲ ತಿರುಗುವ ಆಸೆ, ಈ ಒಂದು ವಾರ ಬರೀ ಅಭ್ಯಾಸ. "ಆರ್ಡಿಸ್‌ಗೆ ನೋಡಿ ಆಸೆ ಹುಟ್ಲಿ ಅಂತ ಮಾಡಿದ್ದು. ನಾನೊಬ್ಬನೇ ಎಲ್ಲಿಗ್ ಹೋಗ್ಲಿ? ನಾಳೆ ಗಾಡಿ ಮಾರ್ತೀನಿ. ಕೇಳಿದ್ದೆ ಅವಳನ್ನ. ಬರಲ್ಲ ಅಂದ್ಲು."

ಸೋಲ್ವೇಗ್ ಅಮ್ಮನವರು ಕಣ್ಣು ಕಿರಿದು ಮಾಡಿದರು.

"ಎಷ್ಟು ಸಲ ಕೇಳಿದ್ರಿ?"

"ಅಂದ್ರೆ?"

"ಬರ್ತೀಯಾ ಅಂತ. ಎಷ್ಟು ಸಲ?"

ವರ್ಲಿನ್ ಆರ್ಡಿಸಳತ್ತ ನೋಡಿದ. ಆರ್ಡಿಸ್ ಲೈಲಾಕ್ ಪೊದೆಯತ್ತ ನೋಡುತ್ತಿದ್ದಳು, ಕಿವಿ ಮಾತ್ರ ಇತ್ತ.

"ಒಂದು ಸಲ," ಎಂದ.

ನೆರೆದ ಜನರೆಲ್ಲ ಒಟ್ಟಿಗೆ ಉಸಿರೆಳೆದುಕೊಂಡ ಸದ್ದಿಗೆ ಮರದ ಹಕ್ಕಿಗಳು ಹಾರಿದವು. "ಒಂದೇ ಸಲಾನಾ?" ಎಂದು ಚೀರಿದಳು ಮಾರ್ಲಿಸ್. "ನನ್ನ ಹಾಟ್‌ಡಿಶ್ಶಿಗೆ ಮೂರು ಸಲ ಕೇಳಿಸ್ಕೊಂಡ್ಯಲ್ಲೋ ಪುಣ್ಯಾತ್ಮಾ!"

"ನಾನು ನಾಯಿಗೂ ಎರಡು ಸಲ ಕೇಳ್ತೀನಿ ಭಾವ," ಎಂದ ನಾರ್ಬರ್ಟ್, ಬಹಳ ನೊಂದು.

"ಮೇಷ್ಟ್ರೇ, ಇದಕ್ಕೆ ಕಾಯಿದೆ ಇಲ್ಲ, ಇದ್ದಿದ್ರೆ ಹಿಡ್ಕೊಂಡು ಹೋಗ್ತಿದ್ದೆ," ಎಂದ ಲೈಲ್.

ವರ್ಲಿನ್ ಎದ್ದು ನಿಂತ. ಕಾಫಿ, ಕೇಕು, ಆಲೂಗಡ್ಡೆಗಳಿಗೆಲ್ಲ ಇಡೀ ಆಯುಷ್ಯ ಪಾಲಿಸಿದ ಕಟ್ಟಳೆಯನ್ನು ಸ್ವಂತ ಅಡುಗೆಮನೆಯಲ್ಲಿ ಮರೆತಿದ್ದ. ಮಾರ್ಚಿನಿಂದ ಜೂನಿನವರೆಗೆ ಆರ್ಡಿಸ್ ಎರಡನೆಯ ಸಲಕ್ಕೆ ಕಾದಿದ್ದಳು. ಪ್ರತಿ ಬೆಳಿಗ್ಗೆ ಕಿಟಕಿಯಲ್ಲಿ ಲೋಟ ಹಿಡಿದು ನಿಂತದ್ದೂ ಅದಕ್ಕೇ.

"ಆರ್ಡಿಸ್," ಎಂದ. "ನೀನೂ ಬರ್ತೀಯಾ?"

"ಅಯ್ಯೋ, ಅಲ್ಲಿ ಜಾಗ ಎಲ್ಲಿದೆ. ಬಚ್ಚಲಲ್ಲೂ ತಟ್ಟೆ ಇಟ್ಕೊಂಡಿದ್ದೀಯಂತೆ."

ಜನ ಉಸಿರು ಬಿಗಿಹಿಡಿದರು. ಇನ್ನೊಂದು ಉಳಿದಿತ್ತು. ವರ್ಲಿನ್ ತಪ್ಪುವನೋ ಏನೋ ಎಂದು ನಾರ್ಬರ್ಟ್ ಹಿಂದಿನಿಂದ ಅವನ ಬೆನ್ನಿಗೆ ಮದುವೆಯ ಕೋಟಿನಿಂದ ತಿವಿದ.

"ನೀನು ಬರದಿದ್ರೆ," ಎಂದ ವರ್ಲಿನ್, "ನಾನು ಮರುಭೂಮೀನ ಯಾರಿಗೆ ತೋರಿಸ್ಲಿ? ಇಷ್ಟು ವರ್ಷ ನೋಡೋಕೆ ಇಷ್ಟ ಇಲ್ದೋರಿಗೇ ತೋರಿಸಿದ್ದೀನಿ. ಬಾರೇ."

ಆರ್ಡಿಸ್ ಎರಡೂ ತಟ್ಟೆಗಳನ್ನು ಲೈಲ್‌ನ ಕೈಗಿತ್ತಳು. "ಇಷ್ಟೊಂದು ಬಲವಂತ ಮಾಡಿದ್ರೆ ಏನ್ಮಾಡೋದು," ಎಂದು ಒಳಗೆ ಹೋದವಳು, ಬಾಗಿಲು ಮುಚ್ಚಿಕೊಳ್ಳುವ ಮೊದಲೇ ಸೂಟ್‌ಕೇಸಿನೊಂದಿಗೆ ಹೊರಬಂದಳು. ಅದರ ಹಿಡಿಯ ಮೇಲೆ ಸಣ್ಣಗೆ ಧೂಳು ಕೂತಿತ್ತು. ಮಾರ್ಚಿನಲ್ಲಿ ತುಂಬಿಟ್ಟದ್ದು.

ಮಾರ್ಲಿಸ್ ಮತ್ತೊಮ್ಮೆ ಅವಳನ್ನು ತಬ್ಬಿಕೊಂಡಳು. ಒಮ್ಮೆ ರುಚಿ ಹತ್ತಿದ ಮೇಲೆ ಬಿಡುವುದು ಕಷ್ಟ. ಹುಲ್ಲಿನ ಮೇಲೆಯೇ ಎಲ್ಲ ತಟ್ಟೆಗಳನ್ನೂ ಬಿಚ್ಚಿ ಊರಿಗೆ ಊರೇ ಉಂಡಿತು. ಖಾಲಿ ತಟ್ಟೆಗಳು ಅಡಿಯ ಹೆಸರು ನೋಡಿಕೊಂಡು ಒಡತಿಯರ ಕಂಕುಳು ಸೇರಿದವು. ಮಾರಿಹೋಗಿದ್ದ ಹಿಮದ ಯಂತ್ರವನ್ನು ಮಾತ್ರ ಯಾರೂ ವಾಪಸ್ಸು ಕೊಡಲಿಲ್ಲ.

ಊಟವಾದ ಮೇಲೆ, ಹೊರಟೇಬಿಡೋಣ, ಮೊದಲು ಊರಾಚೆಯ ಕೆರೆಯವರೆಗಾದರೂ ಎಂದು ತೀರ್ಮಾನವಾಯಿತು. ವರ್ಲಿನ್ ಚಾಲಕನ ಸೀಟು ಹತ್ತಿದ. ಆರ್ಡಿಸ್ ಪಕ್ಕದಲ್ಲಿ ಕೂತು ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡಳು. ಹಿಂದುಗಡೆ ಊರಿನ ಗಂಡಸರೆಲ್ಲ ನಿಂತು ಕೈಸನ್ನೆ ಮಾಡತೊಡಗಿದರು: ನಾರ್ಬರ್ಟ್ 'ಬಾ ಬಾ' ಎಂದರೆ ಲೈಲ್ 'ನಿಲ್ಲು ನಿಲ್ಲು' ಎನ್ನುತ್ತಿದ್ದ, ಉಳಿದವರು ಎಡಕ್ಕೂ ಬಲಕ್ಕೂ ಸಮನಾಗಿ ಹಂಚಿಹೋಗಿದ್ದರು. ವರ್ಲಿನ್ ಎಲ್ಲರ ಮಾತನ್ನೂ ಮನ್ನಿಸಿ ಗಾಡಿಯನ್ನು ಹಿಂದಕ್ಕೆ ಬಿಟ್ಟ. ಅಂಚೆಪೆಟ್ಟಿಗೆ ಕಂಬದ ಸಮೇತ ಬಿತ್ತು. ಮುಂದಕ್ಕೆ ತಂದು ಮತ್ತೆ ಹಿಂದಕ್ಕೆ ಬಿಟ್ಟ. ಬಿದ್ದ ಅಂಚೆಪೆಟ್ಟಿಗೆ ಚಪ್ಪಟೆಯಾಯಿತು.

ಆರ್ಡಿಸ್ ಮೃದುವಾಗಿ ಕೇಳಿದಳು: "ಗಾಡಿ ನಾನು ತೆಗೀಲಾ?"

ಎರಡು ಹುಲ್ಲಿನ ಬಂಡಿ ವರ್ಲಿನ್‌ನ ಕಣ್ಣ ಮುಂದೆ ಹಿಮ್ಮುಖವಾಗಿ ಸರಾಗ ಹಾದುಹೋದವು. ಅವನ ಇಡೀ ಜೀವ 'ಹೂಂ' ಎಂದಿತು. ಅಭ್ಯಾಸಬಲದ ಬಾಯಿ ಮಾತ್ರ, "ಅಯ್ಯೋ ಬೇಡ, ನಿನಗ್ಯಾಕೆ ತೊಂದ್ರೆ," ಎಂದಿತು.

"ಸರಿ ಹಾಗಾದ್ರೆ," ಎಂದು ಆರ್ಡಿಸ್ ಕಿಟಕಿಯಾಚೆ ನೋಡತೊಡಗಿದಳು.

ಗಾಡಿ ನಿಂತೇ ಇತ್ತು. ಹಿಂದುಗಡೆ ಊರಿಗೆ ಊರೇ ಕೈಬೀಸುತ್ತಿತ್ತು. ವರ್ಲಿನ್ ಕಾದ. ಆರ್ಡಿಸ್ ಲೈಲಾಕ್ ಹೂವುಗಳನ್ನು ಬಲು ಆಸಕ್ತಿಯಿಂದ ನೋಡುತ್ತಲೇ ಇದ್ದಳು. ತುಟಿಯ ಅಂಚು ಮಾತ್ರ ನಗು ತಡೆದು ನಡುಗುತ್ತಿತ್ತು.

"ಆರ್ಡಿಸ್," ಎಂದ ವರ್ಲಿನ್ ಕೊನೆಗೆ, ಬಹಳ ಸಣ್ಣ ದನಿಯಲ್ಲಿ. "ಇನ್ನೂ ಎರಡು ಸಲ ಬಾಕಿ ಇದೆ ಕಣೇ."